ಮೋಟಾರು ರಿಪೇರಿಯ ವಿದ್ಯೆ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ತಮ್ಮನು ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಕಸುಬನ್ನು ಕಲಿಯುತ್ತಿದ್ದಾನೆ. "ಅಣ್ಣ ಬಿ.ಎ., ತಮ್ಮ ಬರೀ ಐ.ಟಿ.ಐ." ಎಂದು ದಬ್ಬೇಘಟ್ಟದಲ್ಲಿ ನೆಂಟರಿಷ್ಟರು ಹೇಳುವುದುಂಟು. ಆ 'ಬರೀ' ಎಂಬ ಮಾತಿನ ಮೇಲೆ ನನ್ನ ತಕರಾರಿದೆ.

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಎಷ್ಟೋ ತೋಟಗಳು ಕೊಳವೆಬಾವಿಯನ್ನೇ ನೆಚ್ಚಿಕೊಂಡಿವೆ. ಬೇಸಗೆಯಲ್ಲಿ ಮೋಟಾರು ಸುಟ್ಟು ನೀರು ನಿಂತರೆ ತೆಂಗಿನ ಹರಳು ಉದುರುತ್ತವೆ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಸುಮಾರು 12 ತಿಂಗಳು ಬೇಕು. ಅಟ್ಟದ ಮೇಲೆ ಅದು ಉಂಡೆ ಕೊಬ್ಬರಿಯಾಗಲು ಮತ್ತೆ ಎಂಟು ಹತ್ತು ತಿಂಗಳು. ಆದುದರಿಂದ ಈ ಬೇಸಗೆಯ ನಷ್ಟವು ತಿಪಟೂರಿನ ಮಾರುಕಟ್ಟೆಯಲ್ಲಿ ನಮ್ಮ ಕೈಗೆ ತಗಲುವುದು ಮುಂದಿನ ವರ್ಷ.

ಕಳೆದ ಬೇಸಗೆ ನಮ್ಮ ಮೋಟಾರು ಎರಡು ಸಲ ಸುಟ್ಟಿತು. ಮೊದಲ ಸಲ ಅಂಗಡಿಯೊಂದರಲ್ಲಿ ವೈಂಡಿಂಗ್ ಮಾಡಿಸಿ ತಂದು ಇಳಿಸಿದೆವು; ಏಕೆ ಸುಟ್ಟಿತೆಂದು ಅಲ್ಲಿ ಯಾರೂ ನೋಡಲಿಲ್ಲ. ಎರಡನೆಯ ಸಲ ತಮ್ಮನು ಬಿಚ್ಚಿಸಿ ನೋಡಿದನು. ಮೂರು ಫೇಸಿನ ಸುರುಳಿಗಳಲ್ಲಿ ಎರಡು ಕರಕಲಾಗಿದ್ದವು, ಮೂರನೆಯದು ಹೊಸದರಂತೆಯೇ ಇತ್ತು. "ಅಣ್ಣ, ಇದು ಮೋಟಾರಿನ ದೋಷವಲ್ಲ, ಲೈನಿನದು" ಎಂದನು.

ಅವನು ವಿವರಿಸಿದ್ದು ಹೀಗೆ. ಓಡುತ್ತಿರುವಾಗ ಒಂದು ಫೇಸು ಕಡಿದುಹೋದರೂ ಮೋಟಾರು ಒಡನೆ ನಿಲ್ಲುವುದಿಲ್ಲ. ಅದೇ ಹೊರೆಯನ್ನು ಉಳಿದೆರಡು ತಂತಿಗಳು ಹೊರಬೇಕಾಗಿ, ಅವುಗಳಲ್ಲಿ ಕರೆಂಟು ಸುಮಾರು 1.73 ಪಟ್ಟಾಗುತ್ತದೆ. ಶಾಖವಾದರೋ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಸುಮಾರು ಮೂರು ಪಟ್ಟು. ತಂತಿಯ ಮೇಲಿನ ಹೊದಿಕೆ ಅದನ್ನು ತಾಳಲಾರದು. ಸ್ಟಾರ್ ಜೋಡಣೆಯಲ್ಲಿ ಎರಡು ಸುರುಳಿ ಸುಡುತ್ತವೆ, ಡೆಲ್ಟಾದಲ್ಲಿ ಒಂದು. ಮೂರೂ ಒಂದೇ ಸಮನೆ ಕಪ್ಪಾಗಿದ್ದರೆ ಫೇಸಿನ ಮಾತಲ್ಲ. ಮರಳು ಕಚ್ಚಿ ಹೊರೆ ಹೆಚ್ಚಾಯಿತೋ, ವೋಲ್ಟೇಜು ಇಳಿದಿತ್ತೋ ಎಂದು ಹುಡುಕಬೇಕು. ತರ್ಕಶಾಸ್ತ್ರದ ತರಗತಿಯಲ್ಲಿ ಕಾರ್ಯದಿಂದ ಕಾರಣವನ್ನು ಊಹಿಸುವ ಪಾಠವನ್ನು ನಾನೂ ಓದಿದ್ದೇನೆ. ಅದು ಹೀಗೆ ಕೈಗೆ ಮಸಿ ಹತ್ತಿಸಿಕೊಂಡು ಬರುವುದನ್ನು ಕಂಡದ್ದು ಅಂದೇ!

ಇಂಥ ಕಲಿಕೆ ನಮ್ಮ ನಾಡಿಗೆ ಹೊಸದಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗಳಿಗೆ ಹರಿಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಇಂಜಿನಿಯರರಷ್ಟೇ ಸಾಲದು, ಕಸುಬುದಾರರೂ ಬೇಕೆಂದು ಅವರ ಪ್ರಯತ್ನದಿಂದಲೇ 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಐ.ಟಿ.ಐ.ಗಳ ಕುಶಲಕರ್ಮಿ ತರಬೇತಿ ಯೋಜನೆ 1950ರದು. ಎಲೆಕ್ಟ್ರಿಷಿಯನ್, ಫಿಟ್ಟರ್ ಕಸುಬುಗಳಿಗೆ ಎರಡೆರಡು ವರ್ಷದ ಪಾಠ.

ಅಂಗಡಿಯಲ್ಲೇ ಕಲಿತವರನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಸುರುಳಿ ಸುತ್ತುವುದರಲ್ಲಿ ಅವರ ಕೈವೇಗ ನನ್ನ ತಮ್ಮನಿಗೆ ಇನ್ನೂ ಬಂದಿಲ್ಲ. ಅದನ್ನು ಅವನೇ ಹೇಳುತ್ತಾನೆ. ಆದರೆ ಸುತ್ತಿದಷ್ಟಕ್ಕೆ ಕೂಲಿ ದೊರೆಯುವ ಕಡೆ ಕಾರಣವನ್ನು ಕೇಳುವ ಪುರಸತ್ತು ಯಾರಿಗಿರುತ್ತದೆ?

ಈಗ ನಮ್ಮ ಸ್ಟಾರ್ಟರಿನ ಪಕ್ಕದಲ್ಲಿ, ಫೇಸು ಹೋದೊಡನೆ ಮೋಟಾರನ್ನು ನಿಲ್ಲಿಸುವ ಪ್ರಿವೆಂಟರ್ ಇದೆ. ತೋಟವುಳ್ಳ ಸಹಪಾಠಿಗಳಿಗೆ ತಮ್ಮನದೊಂದು ಸೂಚನೆ: ಅಂಗಡಿಯವರು ಹಳೆಯ ತಂತಿಯನ್ನು ಕೀಳುವ ಮುನ್ನ ಎದುರಿಗೆ ನಿಂತು, ಎಷ್ಟು ಸುರುಳಿ ಸುಟ್ಟಿವೆಯೆಂದು ಎಣಿಸಿಕೊಳ್ಳಿರಿ.