ಮಗುವಿನ ಸುಪರ್ದಿ: ಕೋರ್ಟಿನ ಮೆಟ್ಟಿಲು ಹತ್ತುವ ಮುನ್ನ

ಬೇರೆಯಾಗಲು ನಿರ್ಧರಿಸಿದ ಗಂಡ ಹೆಂಡತಿ ಮೊದಲು ಕೂಡಿಹಾಕುವುದು ಇನ್ನೊಬ್ಬರ ತಪ್ಪುಗಳನ್ನು. ಹಳೆಯ ಜಗಳಗಳ ವಾಟ್ಸ್‌ಆ್ಯಪ್ ಸಂದೇಶ, ಬಂಧುಗಳ ಮುಂದೆ ಆಡಿದ ಮಾತು, ಖರ್ಚಿನ ಲೆಕ್ಕ. ವಿಚ್ಛೇದನದ ಅರ್ಜಿಗೆ ಇದು ಬೇಕಾದೀತು. ಆದರೆ ಮಗು ಯಾರ ಹತ್ತಿರ ಇರಬೇಕು ಎಂಬ ಪ್ರಶ್ನೆಯೇ ಬೇರೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆಯ 13ನೇ ಕಲಂ ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮೇಲು ಎನ್ನುತ್ತದೆ. ಎಲ್ಲ ಧರ್ಮದವರಿಗೂ ಅನ್ವಯಿಸುವ 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯ 17ನೇ ಕಲಂ ಮಗುವಿನ ವಯಸ್ಸು, ಪೋಷಕರಾಗುವವರ ನಡತೆ ಮತ್ತು ಸಾಮರ್ಥ್ಯ, ಮಗುವಿನೊಂದಿಗೆ ಅವರಿಗಿರುವ ಒಡನಾಟವನ್ನು ನೋಡಲು ಹೇಳುತ್ತದೆ. ಹಾಗಾಗಿ ತಯಾರಿಯ ಮುಕ್ಕಾಲು ಪಾಲು ಮಗುವಿನ ದಿನಚರಿಗೆ ಸಲ್ಲಬೇಕು; ಸಂಗಾತಿಯ ದೋಷಪಟ್ಟಿಗೆ ಉಳಿದ ಕಾಲು ಭಾಗ ಸಾಕು.

ಮೊದಲು ತೀರ್ಮಾನವಾಗಬೇಕಾದದ್ದು ಯಾವ ಊರಿನ ಕೋರ್ಟು ಎಂಬುದು. ನಾಗಪುರದ ಬಜಾಜ್ ನಗರದಲ್ಲಿ ಸಂಸಾರ ಹೂಡಿದ ಕನ್ನಡ ಕುಟುಂಬವೊಂದರಲ್ಲಿ ಮನಸ್ತಾಪವಾಗಿ, ತಾಯಿ ಮಗುವನ್ನು ಕರೆದುಕೊಂಡು ಧಾರವಾಡದ ತವರಿಗೆ ಹೋದರು ಎಂದುಕೊಳ್ಳಿ. 1890ರ ಕಾಯ್ದೆಯ 9ನೇ ಕಲಮಿನಂತೆ ಅರ್ಜಿ ಹಾಕಬೇಕಾದದ್ದು ಮಗು ಸಾಮಾನ್ಯವಾಗಿ ವಾಸಿಸುವ ಊರಿನಲ್ಲಿ. ಅದು ಯಾವುದೆಂದು ಹೇಳುವುದು ಶಾಲೆಯ ದಾಖಲಾತಿ, ಮನೆ ಬಾಡಿಗೆ ಕರಾರು, ಮಕ್ಕಳ ವೈದ್ಯರ ಚೀಟಿ. ವಿಚ್ಛೇದನದ ಕೇಸು ಆಗಲೇ ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಅದೇ ಕೋರ್ಟಿನಲ್ಲಿ ಸುಪರ್ದಿ ಕೇಳಬಹುದು. ಕೇಸನ್ನು ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ವರ್ಗಾಯಿಸಬೇಕಾದರೆ ದೆಹಲಿಯ ಸುಪ್ರೀಂ ಕೋರ್ಟಿಗೇ ಹೋಗಬೇಕು. ಆ ಅಲೆದಾಟದ ಖರ್ಚನ್ನು ಮೊದಲೇ ಲೆಕ್ಕ ಹಾಕಿ. ನಾಗಪುರದಲ್ಲೇ ಕೇಸು ನಡೆದರೆ ಕನ್ನಡದಲ್ಲಿರುವ ಶಾಲಾ ಪತ್ರ, ಸಂದೇಶಗಳಿಗೆ ಮರಾಠಿ ಇಲ್ಲವೇ ಇಂಗ್ಲಿಷ್ ಅನುವಾದ ಮಾಡಿಸಿಡಿ. ಹೇಳದೆ ಕೇಳದೆ ಮಗುವನ್ನು ಊರು ಬಿಡಿಸಿ ಕರೆದೊಯ್ಯುವುದು ಮಾತ್ರ ಬೇಡ. ಶಾಲೆ ತಪ್ಪುತ್ತದೆ, ಮಗು ಕಂಗಾಲಾಗುತ್ತದೆ, ಮೇಲಾಗಿ ನಿಮ್ಮ ವಿರುದ್ಧ ನೀವೇ ಸಾಕ್ಷ್ಯ ಒದಗಿಸಿದಂತಾಗುತ್ತದೆ.

ನಂತರ ಒಂದು ನೋಟ್‌ಬುಕ್ ಇಡಿ. ಬೆಳಿಗ್ಗೆ ಎಬ್ಬಿಸಿ ಟಿಫನ್ ಡಬ್ಬಿ ಕಟ್ಟುವವರು ಯಾರು, ಶಾಲೆಯ ಆಟೋದವರ ಫೋನು ಯಾರಿಗೆ ಬರುತ್ತದೆ, ಡೈರಿಗೆ ಸಹಿ ಯಾರದು, ಪೋಷಕರ ಸಭೆಗೆ ಹೋದವರಾರು, ಲಸಿಕೆ ಕಾರ್ಡು ಯಾರ ಹತ್ತಿರವಿದೆ, ಜ್ವರ ಬಂದ ರಾತ್ರಿ ಥರ್ಮಾಮೀಟರ್ ಹಿಡಿದು ಕೂತವರಾರು. ತಾರೀಖು ಹಾಕಿ, ನಡೆದದ್ದನ್ನಷ್ಟೇ ಎರಡು ಸಾಲಿನಲ್ಲಿ ಬರೆಯಿರಿ. ಸಂಗಾತಿ ಮಾಡಿದ್ದನ್ನೂ ಬರೆಯಿರಿ. ಎಲ್ಲವನ್ನೂ ನಾನೇ ಮಾಡಿದೆ ಎನ್ನುವ ಪುಸ್ತಕ ಪಾಟೀ ಸವಾಲಿನಲ್ಲಿ ನಿಲ್ಲುವುದು ಕಷ್ಟ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 14ನೇ ಕಲಂ, ವಿವಾದ ಬಗೆಹರಿಸಲು ನೆರವಾಗುವ ಯಾವ ದಾಖಲೆಯನ್ನೂ ಸಾಕ್ಷ್ಯ ಕಾಯ್ದೆಯ ಬಿಗಿ ನಿಯಮಗಳಾಚೆಗೂ ಪರಿಗಣಿಸಲು ಅವಕಾಶ ಕೊಟ್ಟಿದೆ. ಸಾಮಾನ್ಯ ಕಾಗದವೆಂದು ಬಿಸಾಡಬೇಡಿ.

ಇದನ್ನು ಒಪ್ಪದವರಿದ್ದಾರೆ. ಐದು ವರ್ಷದೊಳಗಿನ ಮಗು ಹೇಗೂ ತಾಯಿಗೇ ಹೋಗುತ್ತದೆ, ಈ ಪುಸ್ತಕವೆಲ್ಲ ಯಾಕೆ ಎಂದು ಕೇಳುತ್ತಾರೆ. 1956ರ ಕಾಯ್ದೆಯ 6ನೇ ಕಲಂ ‘ಸಾಮಾನ್ಯವಾಗಿ’ ಎಂದಷ್ಟೇ ಹೇಳುತ್ತದೆ. ಎಳೆಯ ಮಗುವನ್ನು ತಾಯಿಗೆ ಕೊಡಬಾರದೆನ್ನುವ ತಂದೆ ಅದನ್ನು ಸಾಬೀತು ಮಾಡಬೇಕೆಂದು 2015ರಲ್ಲಿ ರೊಕ್ಸಾನ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ನಿಜ. ಆದರೆ ಮಗುವಿಗೆ ಐದು ತುಂಬಿದ ಮೇಲೆ ಆ ಬಲ ಉಳಿಯುವುದಿಲ್ಲ, ದಿನಚರಿಯ ದಾಖಲೆ ಉಳಿಯುತ್ತದೆ. ಮಗುವನ್ನೇ ಕೇಳಿದರಾಯಿತಲ್ಲ ಎನ್ನುವವರೂ ಉಂಟು. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಕೋರ್ಟು ಪರಿಗಣಿಸಬಹುದು, ಆದರೆ ಅದೇ ಕೊನೆಯ ಮಾತಲ್ಲ. ಹೇಳಿಕೊಟ್ಟ ಮಾತು ಆಪ್ತಸಮಾಲೋಚಕರ ಮುಂದೆ ಬೇಗ ಬಯಲಾಗುತ್ತದೆ, ಹೇಳಿಕೊಡುವುದೇ ಮಗುವಿಗೆ ಮಾಡುವ ಹಿಂಸೆ. ದಂಪತಿ ನಡುವೆ ಕದ್ದು ಮಾಡಿದ ರೆಕಾರ್ಡಿಂಗ್ ವೈವಾಹಿಕ ಕೇಸಿನಲ್ಲಿ ಸಾಕ್ಷ್ಯವಾಗಬಹುದೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ನೆಪ ಮಾಡಿಕೊಂಡು ಮಗುವಿನ ಬಾಯಿ ಬಿಡಿಸಿ ಮೊಬೈಲಿನಲ್ಲಿ ಹಿಡಿಯಬೇಡಿ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಮಾತು ಬೇರೆ. ಆಗ ವೈದ್ಯಕೀಯ ವರದಿ, ಪೊಲೀಸ್ ದೂರೇ ಮೊದಲು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 21ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಮಹಿಳೆಗೆ ಮಗುವಿನ ತಾತ್ಕಾಲಿಕ ಸುಪರ್ದಿ ಕೊಡಬಲ್ಲರು.

ಹಣದ ವಿಷಯ ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಬಾಂಬೆ ಹೈಕೋರ್ಟಿನ ನಾಗಪುರ ಪೀಠದಿಂದ ಮೇಲ್ಮನವಿಯಾಗಿ ಹೋದ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು 2020ರ ನವೆಂಬರ್ 4ರಂದು ಹೇಳಿತು. ಸಂಬಳದ ಚೀಟಿ, ಬ್ಯಾಂಕ್ ವಿವರ, ಶಾಲಾ ಶುಲ್ಕದ ರಸೀದಿ ಈಗಲೇ ಜೋಡಿಸಿಡಿ.

ಕೊನೆಯದಾಗಿ, ಇನ್ನೊಬ್ಬರಿಗೆ ಮಗುವಿನೊಡನೆ ಎಷ್ಟು ಸಮಯ ಎಂಬ ಯೋಜನೆಯನ್ನು ನೀವೇ ಬರೆದುಕೊಂಡು ಹೋಗಿ. ಹಾಗೆ ಮಾಡಿದರೆ ಸೋಲೊಪ್ಪಿದಂತೆ ಎಂದು ಹಲವರು ಅಂಜುತ್ತಾರೆ. ಕುಟುಂಬ ನ್ಯಾಯಾಲಯವು ಮೊದಲು ರಾಜಿಗೇ ಪ್ರಯತ್ನಿಸಬೇಕೆಂದು 1984ರ ಕಾಯ್ದೆಯ 9ನೇ ಕಲಂ ವಿಧಿಸಿರುವಾಗ, ಕೈಯಲ್ಲಿ ಯೋಜನೆ ಇರುವವರ ಮಾತಿಗೇ ತೂಕ. 2013ರಲ್ಲಿ ಕೆ.ಎಂ. ವಿನಯಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಮಗು ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಇರಬೇಕೆಂದು ಹೇಳಿತು. ಶನಿವಾರ, ಭಾನುವಾರ ಇನ್ನೊಬ್ಬರ ಭೇಟಿ, ಖರ್ಚು ಸಮಪಾಲು. ನಾಗಪುರ, ಧಾರವಾಡದಷ್ಟು ದೂರದಲ್ಲಿರುವವರಿಗೆ ಅರ್ಧ ವರ್ಷಕ್ಕೊಮ್ಮೆ ಶಾಲೆ ಬದಲಿಸುವುದು ಆಗದ ಮಾತು. ಅಂಥವರಿಗೆ ರಜೆಯ ಹಂಚಿಕೆ ಮತ್ತು ವಿಡಿಯೊ ಕರೆಯೇ ಸರಿಯಾದ ದಾರಿ. ದೂರವಿರುವ ತಂದೆ ತಾಯಿಗೆ ವಿಡಿಯೊ ಕರೆಯ ಅವಕಾಶ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಯಶಿತಾ ಸಾಹು ತೀರ್ಪಿನಲ್ಲಿ ಒತ್ತಿ ಹೇಳಿದೆ.

ವಕೀಲರ ಶುಲ್ಕಕ್ಕೆ ಹೆದರಿ ಕೈಕಟ್ಟಿ ಕೂರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವುಂಟು. ಗಂಡಸರಿಗೆ ಸಾಮಾನ್ಯವಾಗಿ ಆದಾಯದ ಮಿತಿಯಿದೆ. ನಾಗಪುರದವರು ಸಿವಿಲ್ ಲೈನ್ಸ್‌ನ ಜಿಲ್ಲಾ ನ್ಯಾಯಾಲಯದಲ್ಲಿರುವ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಿ, ಯಾವ ಊರಿನವರಾದರೂ 15100ಕ್ಕೆ ಕರೆ ಮಾಡಿ.