ಹಳೆ ಬಟ್ಟೆಯ ಆಯಸ್ಸು ನೋಡಿ ಕೊಳ್ಳಿ

ಪ್ರಶ್ನೆ: ಮಗಳ ಮನೆಗೆಂದು ನ್ಯೂಜೆರ್ಸಿಗೆ ಬಂದವಳು ಇಲ್ಲಿ ಕ್ವಿಲ್ಟ್ ಹೊಲಿಯಲು ಕಲಿಯುತ್ತಿದ್ದೇನೆ. ಹೊಸ ಬಟ್ಟೆ ಗಜಕ್ಕೆ ಹನ್ನೆರಡು ಹದಿಮೂರು ಡಾಲರ್. ಥ್ರಿಫ್ಟ್ ಅಂಗಡಿಗಳಲ್ಲಿ, ಮನೆ ಮುಂದಿನ ಮಾರಾಟಗಳಲ್ಲಿ ಅಗ್ಗಕ್ಕೆ ಸಿಗುತ್ತದಂತೆ. ಬೇರೆಯವರು ಬಳಸಿದ ಬಟ್ಟೆಯಲ್ಲಿ ಒಳ್ಳೆಯದನ್ನು ಗುರುತಿಸುವುದು ಹೇಗೆ? ಅದು ಬಾಳಿಕೆ ಬರುತ್ತದೆಯೇ?
— ಓದುಗರೊಬ್ಬರು

ಉತ್ತರ: ಆರಿಸಿ ತಂದರೆ ಖಂಡಿತ ಬಾಳಿಕೆ ಬರುತ್ತದೆ. ನಮ್ಮ ಉತ್ತರ ಕರ್ನಾಟಕದ ಕೌದಿ ಹುಟ್ಟಿದ್ದೇ ಹಳೆ ಸೀರೆ, ಧೋತರಗಳಿಂದ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯೂ ಹಾಗೆಯೇ. ನೀವಿರುವ ದೇಶದಲ್ಲೂ ಇದು ಹೊಸದಲ್ಲ. ಅಲಬಾಮಾದ ಗೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರು ಹೊಲದ ಕೆಲಸದಲ್ಲಿ ಸವೆದ ಪ್ಯಾಂಟು, ಅಂಗಿಗಳನ್ನೇ ಕತ್ತರಿಸಿ ಕ್ವಿಲ್ಟ್ ಹೊಲಿದರು. ಅವು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಮ್ಯೂಸಿಯಂನಲ್ಲಿ ಪ್ರದರ್ಶನಗೊಂಡವು, 2006ರಲ್ಲಿ ಅಮೆರಿಕದ ಅಂಚೆಚೀಟಿಗಳ ಮೇಲೂ ಬಂದವು. ಇವರೆಲ್ಲ ಬಲ್ಲ ಗುಟ್ಟು ಒಂದೇ: ಬಟ್ಟೆ ಎಷ್ಟು ಹಳೆಯದು ಎನ್ನುವುದಕ್ಕಿಂತ ಅದರಲ್ಲಿ ಇನ್ನೆಷ್ಟು ಆಯಸ್ಸು ಉಳಿದಿದೆ ಎನ್ನುವುದು ಮುಖ್ಯ. ಬೆಲೆಚೀಟಿ ನೋಡುವುದು ಆಮೇಲೆ.

ಅಂಗಡಿಗೆ ಹೋದವರು ಸಾಮಾನ್ಯವಾಗಿ ಬಟ್ಟೆ ತುಂಡುಗಳ ಬುಟ್ಟಿಗೆ ಮೊದಲು ಕೈ ಹಾಕುತ್ತಾರೆ. ನೀವು ಹಾಸಿಗೆ ಹೊದಿಕೆಗಳ ಸಾಲಿಗೆ ಹೋಗಿ. ಕ್ವೀನ್ ಅಳತೆಯ ಒಂದು ಮೇಲುಹೊದಿಕೆ ಸುಮಾರು 90 ಇಂಚು ಅಗಲ, 102 ಇಂಚು ಉದ್ದ ಇರುತ್ತದೆ. ಕ್ವಿಲ್ಟ್ ಬಟ್ಟೆಯ ಅಗಲ 44 ಇಂಚು. ಲೆಕ್ಕ ಹಾಕಿದರೆ ಒಂದು ಹೊದಿಕೆ ಹೆಚ್ಚುಕಡಿಮೆ ಐದೂಮುಕ್ಕಾಲು ಗಜಕ್ಕೆ ಸಮ. ಆರು ಡಾಲರಿಗೆ ಸಿಕ್ಕರೂ ಗಜಕ್ಕೆ ಒಂದು ಡಾಲರ್ ಬಿದ್ದಂತಾಯಿತು. ಕ್ವಿಲ್ಟಿನ ಹಿಂಬದಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ಆದರೆ ತೀರಾ ಒತ್ತಾಗಿ ನೇಯ್ದ ಹೊದಿಕೆಯಲ್ಲಿ ಕೈಸೂಜಿ ಸಲೀಸಾಗಿ ಇಳಿಯುವುದಿಲ್ಲ. ನೀವು ಕೈಯಲ್ಲಿ ಹೊಲಿಯುವವರಾದರೆ ಸಡಿಲ ನೇಯ್ಗೆಯದನ್ನೇ ಆರಿಸಿ. ಆಮೇಲೆ ಗಂಡಸರ ಹತ್ತಿ ಅಂಗಿಗಳ ಸಾಲು: ದೊಡ್ಡ ಅಳತೆಯ, ಉದ್ದ ತೋಳಿನವು. ಕೊರಳಪಟ್ಟಿ ಸವೆದಿದ್ದರೂ ಬೆನ್ನಿನ ಭಾಗ ಗಟ್ಟಿಯಾಗಿಯೇ ಇರುತ್ತದೆ. ಗುಂಡಿಗಳು ಲಾಭ.

ಈಗ ಪರೀಕ್ಷೆ. ಮೊದಲು ಒಳಗಿನ ಚೀಟಿ ಓದಿ. ನೂಲಿನ ಜಾತಿಯನ್ನು ಚೀಟಿಯಲ್ಲಿ ನಮೂದಿಸಬೇಕೆಂಬ ಕಾನೂನು ಅಮೆರಿಕದಲ್ಲಿ 1960ರಿಂದ ಜಾರಿಯಲ್ಲಿದೆ. ಹತ್ತಿ ನೂರಕ್ಕೆ ನೂರು ಎಂದಿದ್ದರೆ ಬುಟ್ಟಿಗೆ ಹಾಕಿ. ಅರ್ಧ ಪಾಲಿಯೆಸ್ಟರ್ ಇದ್ದರೆ, ಎಷ್ಟೇ ಚಂದವಿರಲಿ, ಅಲ್ಲೇ ಬಿಡಿ. ಚೀಟಿ ಇಲ್ಲದಿದ್ದರೆ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹತ್ತೆಣಿಸುವಷ್ಟು ಹೊತ್ತು ಹಿಂಡಿ ಬಿಡಿ. ಹತ್ತಿಯಾದರೆ ಸುಕ್ಕು ನಿಲ್ಲುತ್ತದೆ, ಪಾಲಿಯೆಸ್ಟರ್ ತಟ್ಟನೆ ಬಿಚ್ಚಿಕೊಳ್ಳುತ್ತದೆ. ಮನೆಗೆ ತಂದ ಮೇಲೂ ಅನುಮಾನವಿದ್ದರೆ ಒಂದೆರಡು ಎಳೆ ಬಿಡಿಸಿ, ಸಿಂಕಿನ ಮೇಲೆ ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಹಗುರ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆ, ಉಣ್ಣೆಗಳಿಂದ ಕೂದಲು ಸುಟ್ಟ ವಾಸನೆ ಬರುತ್ತದೆ.

ಇನ್ನು ಶಕ್ತಿ. ಬಟ್ಟೆಯನ್ನು ದೀಪಕ್ಕೆ ಅಡ್ಡ ಹಿಡಿಯಿರಿ. ನೇಯ್ಗೆ ತೆಳುವಾದ ಕಡೆ ಬೆಳಕು ಹೆಚ್ಚು ತೂರಿ ಬರುತ್ತದೆ. ವರ್ಷಗಟ್ಟಲೆ ಮಡಚಿಟ್ಟ ಬಟ್ಟೆಯ ಮಡಿಕೆಗಳನ್ನು ಬಿಡದೆ ನೋಡಿ. ಬಟ್ಟೆ ಮೊದಲು ಸೋಲುವುದು ಅಲ್ಲೇ. ಎರಡೂ ಹೆಬ್ಬೆರಳುಗಳ ನಡುವೆ ಹಿಡಿದು ಹಾಸಿನ ದಿಕ್ಕಿಗೊಮ್ಮೆ, ಹೊಕ್ಕಿನ ದಿಕ್ಕಿಗೊಮ್ಮೆ ಜಗ್ಗಿ. ಪಿಸಿದರೆ ಅದಕ್ಕೆ ಆಯಸ್ಸು ಮುಗಿದಿದೆ. ಪುಕ್ಕಟೆ ಕೊಟ್ಟರೂ ಬೇಡ. ಮುಗ್ಗಲು, ಸಿಗರೇಟು, ನುಸಿಗುಳಿಗೆ ವಾಸನೆ ಹೊಡೆಯುವ ಬಟ್ಟೆಯೂ ಬೇಡ, ತೊಳೆದರೂ ಅದು ಸುಲಭಕ್ಕೆ ಬಿಡುವುದಿಲ್ಲ.

ಎಲ್ಲಿ, ಯಾವಾಗ? ಹಳೆ ಸಾಮಾನು ಸಂಗ್ರಹಿಸಿ, ಬಡವರಿಂದ ರಿಪೇರಿ ಮಾಡಿಸಿ, ಮಾರಿದ ಹಣದಲ್ಲಿ ಅವರಿಗೆ ಕೂಲಿ ಕೊಡುವ ಗುಡ್‌ವಿಲ್ ಸಂಸ್ಥೆ 1902ರಲ್ಲಿ ಬಾಸ್ಟನ್ನಿನಲ್ಲಿ ಆರಂಭವಾಯಿತು. ಈಗ ಅದರ ಅಂಗಡಿಗಳು ದೇಶದ ತುಂಬ ಇವೆ, ಅದರ ಔಟ್‌ಲೆಟ್‌ಗಳಲ್ಲಿ ಬಟ್ಟೆಯನ್ನು ತೂಕಕ್ಕೆ ಮಾರುತ್ತಾರೆ. ಆದರೆ ಕ್ವಿಲ್ಟ್ ಹೊಲಿಯುವವರಿಗೆ ನಿಜವಾದ ಸುಗ್ಗಿ ಎಸ್ಟೇಟ್ ಸೇಲ್‌ಗಳಲ್ಲಿ. ವಯಸ್ಸಾದವರ ಮನೆ ಖಾಲಿ ಮಾಡುವಾಗ ಹೊಲಿಗೆ ಕೋಣೆಯೇ ಇಡಿಯಾಗಿ ಮಾರಾಟಕ್ಕೆ ಬರುವುದುಂಟು. ಮೊದಲ ದಿನ ಹೋದರೆ ಆಯ್ಕೆ ಹೆಚ್ಚು, ಕೊನೆಯ ದಿನ ಹೋದರೆ ಬಹಳ ಕಡೆ ಅರ್ಧ ಬೆಲೆ. ಚರ್ಚುಗಳ ಮಾರಾಟ, ಕ್ವಿಲ್ಟ್ ಸಂಘಗಳ ಮಾರಾಟಗಳನ್ನೂ ಬಿಡಬೇಡಿ. ಸುಮಾರು 800 ಮಳಿಗೆಗಳಿದ್ದ ಜೋಆನ್ ಬಟ್ಟೆ ಅಂಗಡಿ 2025ರಲ್ಲಿ ಬಾಗಿಲು ಹಾಕಿದ ಮೇಲಂತೂ ಎಷ್ಟೋ ಊರುಗಳಲ್ಲಿ ಇಂಥ ಜಾಗಗಳ ಬೆಲೆ ಹೆಚ್ಚಿದೆ. ಅಲ್ಲಿ ಸಿಗುವ ಕತ್ತರಿಸದ ಬಟ್ಟೆಯ ಅಂಚು ನೋಡಿ. ಕ್ವಿಲ್ಟಿಗೆಂದೇ ಅಚ್ಚು ಹಾಕಿದ್ದಾದರೆ ತಯಾರಕರ ಹೆಸರು, ಬಣ್ಣದ ಚುಕ್ಕಿಗಳು, ಎಷ್ಟೋ ಸಲ ಇಸವಿಯೂ ಅಲ್ಲಿರುತ್ತದೆ.

ತಂದ ಬಟ್ಟೆಯನ್ನು ಹಾಸಿಗೆಯ ಮೇಲೆ ಹರಡಬೇಡಿ. ತಿಗಣೆಯ ಭಯವಿದೆ. ಒಗೆಯಬಹುದಾದ ಬಟ್ಟೆಯನ್ನು ಚೀಲದಿಂದ ನೇರ ಡ್ರೈಯರಿಗೆ ಹಾಕಿ ಹೆಚ್ಚಿನ ಬಿಸಿಯಲ್ಲಿ ಅರ್ಧ ಗಂಟೆ ತಿರುಗಿಸಿ, ಆಮೇಲೆ ಒಗೆಯಿರಿ. ಕೆಂಪು, ಕಡುನೀಲಿಗಳನ್ನು ಬೇರೆಯಾಗಿ ನೆನೆಸಿ, ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಬಿಡುವುದು ನಿಲ್ಲದಿದ್ದರೆ ಬಿಳಿಯ ಪಕ್ಕ ಅದನ್ನು ಹೊಲಿಯಬೇಡಿ.

ಇನ್ನೆರಡು ಮಾತು. ಊರಿನಿಂದ ತಂದ ಹಳೆ ಹತ್ತಿ ಸೀರೆ ಪೆಟ್ಟಿಗೆಯಲ್ಲಿದ್ದರೆ ಅದೇ ಮೊದಲ ಬಂಡವಾಳ. ಐದೂವರೆ ಮೀಟರಿನ ಸೀರೆಯನ್ನು ನಡುವೆ ಕತ್ತರಿಸಿ ಎರಡೂ ತುಂಡುಗಳ ಉದ್ದದ ಅಂಚು ಜೋಡಿಸಿದರೆ ಕ್ವೀನ್ ಹೊದಿಕೆಯಷ್ಟೇ ದೊಡ್ಡ ಹಿಂಬದಿ ಸಿದ್ಧ. ಇನ್ನೊಂದು: ಥ್ರಿಫ್ಟ್ ಅಂಗಡಿಯಲ್ಲಿ ಯಾರೋ ಕೈಯಲ್ಲಿ ಹೊಲಿದ ಹಳೆ ಕ್ವಿಲ್ಟ್ ಕಂಡರೆ ಬಟ್ಟೆಯ ಆಸೆಗೆ ಅದನ್ನು ಕತ್ತರಿಸಬೇಡಿ. ಹರಿದ ಕಡೆ ತೇಪೆ ಹಾಕಿ ಹೊದ್ದುಕೊಳ್ಳಿ. ತಿಂಗಳುಗಟ್ಟಲೆ ಕೂತು ಹೊಲಿದವರ ಶ್ರಮಕ್ಕೆ ಅಷ್ಟು ಮರ್ಯಾದೆ ಸಲ್ಲಬೇಕು.

ಮೊದಲ ಸಲ ಒಂದು ಹೊದಿಕೆ, ನಾಲ್ಕೈದು ಅಂಗಿ ಸಾಕು. ಅವು ಕ್ವಿಲ್ಟಾಗಿ ಮುಗಿದ ಮೇಲೆ ಮತ್ತೆ ಅಂಗಡಿಗೆ ಹೋಗಿ. ಕಪಾಟಿನಲ್ಲೇ ಉಳಿಯುವ ಬಟ್ಟೆ ಎಷ್ಟು ಅಗ್ಗಕ್ಕೆ ಸಿಕ್ಕಿದ್ದರೂ ದುಬಾರಿಯೇ.