ಗದ್ದಲದೊಳಗಿನ ದನಿ

ಶಿರಸಿ ಸೀಮೆಯ ಎಕ್ಕಂಬಿಯಲ್ಲಿ ಮಳೆ ಹೆಂಚಿನ ಮೇಲೆ ಭೋರ್ಗರೆಯುವಾಗಲೂ ಕಪ್ಪೆಯ ಕೂಗನ್ನು ನಾವು ಗುರುತಿಸಬಲ್ಲೆವು. ಮಳೆಯ ಸದ್ದಿನ ಬಲ ಎಲ್ಲ ಆವರ್ತಾಂಕಗಳಲ್ಲಿಯೂ ಹಂಚಿಹೋಗಿರುವುದು. ಕೂಗಿನದಾದರೋ ಕೆಲವೇ ಆವರ್ತಾಂಕಗಳಲ್ಲಿ, ಕ್ಷಣಕಾಲ ಒಟ್ಟುಗೂಡಿರುವುದು. ಆದುದರಿಂದ ಧ್ವನಿಮುದ್ರಣವನ್ನು ಕಿರುತುಣುಕುಗಳಾಗಿಸಿ, ಪ್ರತಿಯೊಂದರ ಆವರ್ತಾಂಕಗಳನ್ನೂ ಅಳೆದು ಕಾಲಕ್ರಮದಲ್ಲಿ ಜೋಡಿಸಿದರೆ ಕೂಗು ಗೆರೆಯಾಗಿ ಎದ್ದು ಕಾಣುವುದು. ತೊಡಕಿರುವುದು ತುಣುಕಿನ ಉದ್ದದಲ್ಲಿ. ನೂರರಲ್ಲೊಂದು ಸೆಕೆಂಡಿನ ತುಣುಕು, ಸೆಕೆಂಡಿಗೆ ಸುಮಾರು 100 ಕಂಪನಗಳಿಗಿಂತ ಕಿರಿದಾದ ಅಂತರವನ್ನು ತೋರಿಸದು. ಹಿಗ್ಗಿಸಿದೆವೋ, ಕೂಗಿದ ವೇಳೆಯೇ ಮಸುಕಾಗುವುದು.

ಕಿವಿಗೆಟುಕದ ಸಂಕೇತಗಳಿಗೂ ಇದೇ ಉಪಾಯ. ಎರಡು ಕೃಷ್ಣರಂಧ್ರಗಳು ಕೂಡಿಕೊಂಡಾಗ ಎದ್ದ ಗುರುತ್ವ ತರಂಗವನ್ನು 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳ ಗದ್ದಲದಲ್ಲಿ ಮೂರೇ ನಿಮಿಷಗಳೊಳಗೆ ಹಿಡಿದುಕೊಟ್ಟುದು ಇಂಥ ಹುಡುಕಾಟವೇ: ಸುಮಾರು 0.2 ಸೆಕೆಂಡಿನಲ್ಲಿ, ಸೆಕೆಂಡಿಗೆ 35ರಿಂದ 250 ಕಂಪನಗಳವರೆಗೆ ಏರಿದ ಗೆರೆ. ಕದಡಿದ ಕೃಷ್ಣರಂಧ್ರ ಗಂಟೆಯಂತೆ ಮಿಡಿದು ಅಡಗುವುದೆಂದು ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರು 1970ರಲ್ಲಿಯೇ ಲೆಕ್ಕಹಾಕಿ ತೋರಿಸಿದ್ದರು.